ಲೊರೀನ್ ಹ್ಯಾಸ್ಕೆಟ್ ಹೆಸರಿನಲ್ಲಿ

"ಆಗಲ್ಲ ಅಂತ ಬಂತಾ?" ಎಂದು ಲೊರೀನ್ ಹ್ಯಾಸ್ಕೆಟ್ ಕೇಳಿದಳು.

ಎವರೆಟ್ ಪ್ರೂಯಿಟ್ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. ಆಗಲ್ಲ ಎಂದೇ ಬಂದಿತ್ತು. ಅಮೆರಿಕದ ಯಂಗ್ಸ್‌ಟೌನಿನ ಆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವ ಕೆಲಸ ಅವನದು. ಆದರೆ ದಿನವೆಲ್ಲ ಅವನು ಮಾಡುತ್ತಿದ್ದುದು ಬಂದವರನ್ನು ಬರಿಗೈಯಲ್ಲಿ ಕಳಿಸುವ ಕೆಲಸ.

ಸೊಸೆಯ ತಪ್ಪನ್ನು ಅತ್ತೆಯಾದರೂ ಮರೆತಾಳು, ಬ್ಯಾಂಕು ಮರೆಯುವುದಿಲ್ಲ. ಒಂದು ಕಡೆ ಬಾಕಿ ಉಳಿಸಿ ಹೋದವರ ಹೆಸರು ಒಂದು ಸಂಸ್ಥೆಯ ಕಡತ ಸೇರುತ್ತದೆ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹೆಣ್ಣು ಕೊಡುವ ಮೊದಲು ಜಾತಕ ನೋಡುವ ಹಾಗೆ, ಖಾತೆ ಕೊಡುವ ಮೊದಲು ಎಲ್ಲ ಬ್ಯಾಂಕುಗಳೂ ಆ ಕಡತ ನೋಡುತ್ತವೆ. ಲೊರೀನಳ ಜಾತಕ ಪೂರ್ತಿ ಕೆಟ್ಟಿತ್ತು.

"ಮೇಡಂ, ನಿಮ್ಮ ಹೆಸರಲ್ಲಿ ಬಾಕಿ ಇದೆ. ಮೂರು ಕಡೆ."

"ನಾನು ಮಾಡಿದ್ದಲ್ಲ ಸರ್. ಬ್ಯಾಗಲ್ಲಿ ಹಳೇ ವರದಿ ಇದೆ, ಬೇಕಾದ್ರೆ ನೋಡಿ."

ಎವರೆಟ್ ನೋಡಿದ. ಅವಳ ಹೆಸರು, ಸರ್ಕಾರ ಅವಳಿಗೆ ಕೊಟ್ಟ ಸೋಶಿಯಲ್ ಸೆಕ್ಯುರಿಟಿ ನಂಬರು. ಊರು ಮಾತ್ರ ಬೇರೆ ಬೇರೆ. ಟೊಲೀಡೊ, ಆಮೇಲೆ ಫೋರ್ಟ್ ವೇಯ್ನ್, ಕೊನೆಗೆ ಮಾರ್ಚ್‌ನಲ್ಲಿ ಜಾಪ್ಲಿನ್. ಲೊರೀನ್ ವೃದ್ಧಾಶ್ರಮದ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಇಷ್ಟೂರು ಸುತ್ತಿ ಸಾಲ ಮಾಡುವ ಹೆಂಗಸಿನ ಕೈಗಳು ಹೀಗೆ ಬಿರಿದಿರುವುದಿಲ್ಲ.

"ಯಾರೋ ನಿಮ್ಮ ಹೆಸರು ಕದ್ದಿದ್ದಾರೆ," ಎಂದ. "ನಿಮ್ಮ ಕಾಗದ ಪತ್ರ ಎಲ್ಲಿಡ್ತಿದ್ರಿ?"

"ಅಡುಗೆ ಮನೇಲಿ, ಬಿಸ್ಕತ್ತಿನ ಡಬ್ಬೀಲಿ."

"ಭೇಷ್! ಬಾಗಿಲು ತೆಗೆದಿಟ್ಟು ಕಳ್ಳನಿಗೆ ಕಾಫಿನೂ ಇಡ್ತಿದ್ರಾ? ಮನೇಲಿ ಯಾರ್ಯಾರು ಇದ್ರು?"

"ನಾನು, ನನ್ನ ಮಗಳು ಮರ್ಲೀ. ಮೇಲಿನ ಕೋಣೇಲಿ ಒಬ್ಬ ಬಾಡಿಗೆಯವನಿದ್ದ."

"ಈಗೆಲ್ಲಿದ್ದಾನೆ?"

"ಹೇಳ್ದೆ ಕೇಳ್ದೆ ಹೊರಟುಹೋದ."

ಎವರೆಟ್ ತಲೆಯಾಡಿಸಿದ. ಇಂಥ ಬಾಡಿಗೆಯವರನ್ನು ಅವನು ಎಷ್ಟೋ ಕಂಡಿದ್ದ. "ಪೊಲೀಸರಿಗೆ ದೂರು ಕೊಟ್ರಾ?"

"ಇಲ್ಲ." ಲೊರೀನ್ ಕೈಚೀಲದ ಹಿಡಿ ಸರಿಮಾಡಿಕೊಂಡಳು. "ಜಾಪ್ಲಿನ್‌ಗೆ ನಾನೇ ಹೋಗಿದ್ದೆ, ಬಸ್ಸಲ್ಲಿ. ವರದೀಲಿ ವಿಳಾಸ ಇತ್ತಲ್ಲ. ಅಷ್ಟರಲ್ಲಿ ರೂಮು ಖಾಲಿ ಮಾಡಿ ಹೋಗಿದ್ರು."

"ನೀವೊಬ್ಬರೇ ಹಿಡಿಯೋಕೆ ಹೋದ್ರಾ? ಕೈಗೆ ಸಿಕ್ಕಿದ್ರೆ ಏನ್ಮಾಡ್ತಿದ್ರಿ?"

"ಊಟ ಆಯ್ತಾ ಅಂತ ಕೇಳ್ತಿದ್ದೆ."

ಎವರೆಟ್ ಗಟ್ಟಿಯಾಗಿ ನಕ್ಕುಬಿಟ್ಟ. ಇಷ್ಟು ಕಷ್ಟದಲ್ಲೂ ತಮಾಷೆ ಬಿಡದ ಹೆಂಗಸು ಎಂದು ಅವನಿಗೆ ಗೌರವ ಮೂಡಿತು. ಬ್ಯಾಂಕಿನಲ್ಲಿ ಖಾತೆಯಿಲ್ಲದ ತಪ್ಪಿಗೆ ಪ್ರತಿ ಸಲದ ಸಂಬಳದ ಚೆಕ್ಕನ್ನೂ ಇವಳು ಮೂಲೆಯಂಗಡಿಯಲ್ಲಿ ಮುರಿಸಬೇಕು, ಅಂಗಡಿಯವನು ಅದರಲ್ಲಿ ತನ್ನ ಪಾಲು ಕತ್ತರಿಸಿಕೊಳ್ಳುತ್ತಾನೆ. ಯಾರೋ ತಿಂದ ಊಟಕ್ಕೆ ಇವಳು ಎಲೆ ಎತ್ತುತ್ತಿದ್ದಾಳೆ ಎಂದು ಅವನಿಗೆ ಸಂಕಟವಾಯಿತು.

"ಖಾತೆ ಕೊಡಲ್ಲ ಅಂತ ಪತ್ರ ಕೊಟ್ಬಿಡಿ ಸರ್, ಹೊರಡ್ತೀನಿ," ಎಂದಳು. "ಅದನ್ನ ಕಳಿಸಿದ್ರೆ ಆ ಸಂಸ್ಥೆಯವರು ಹೊಸ ವರದಿ ಪುಕ್ಕಟೆ ಕೊಡ್ತಾರೆ. ನಿಮ್ಮದು ಆರನೇ ಬ್ಯಾಂಕು. ನನಗೆಲ್ಲ ಗೊತ್ತು."

"ಅಷ್ಟು ಬೇಗ ಸೋಲಬೇಡಿ. ಪತ್ರ ಕೊಡಲ್ಲ. ಒಂದು ವಾರ ಬಿಟ್ಟು ಬನ್ನಿ."

ಅವಳು ಹಳೇ ವರದಿಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡು ಎದ್ದಳು.

ಆ ವಾರ ಎವರೆಟ್ ತನ್ನ ಊಟದ ಬಿಡುವನ್ನೆಲ್ಲ ಫೋನಿಗೆ ಕೊಟ್ಟ. ದೊಡ್ಡ ಕಚೇರಿಯವರ ಹತ್ತಿರ ಬೈಸಿಕೊಂಡ, ಬೇಡಿಕೊಂಡ, ಒಮ್ಮೆ ರೇಗಿದ. ಇಷ್ಟು ವರ್ಷ ಜನರಿಗೆ ಇಲ್ಲ ಎಂದದ್ದೆಲ್ಲ ಒಳಗೊಳಗೇ ಕೊರೆಯುತ್ತಿತ್ತು. ಇವಳೊಬ್ಬಳಿಗಾದರೂ ಹೂಂ ಎನ್ನಬೇಕೆಂಬ ಹಟ ಹಿಡಿದಿತ್ತು. ಹಟ ಗೆದ್ದಿತು.

ಲೊರೀನ್ ಮತ್ತೆ ಬಂದಾಗ ಅವನು ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

"ನಿಮಗೆ ಖಾತೆ ಕೊಡ್ತಿದ್ದೀವಿ ಮೇಡಂ. ಮೇಲಿನವರು ಒಪ್ಪಿದ್ರು. ಒಂದೇ ಷರತ್ತು, ಇಲ್ಲೊಂದು ಸಹಿ ಹಾಕಿ. ಆ ಸಂಸ್ಥೇಲಿರೋ ನಿಮ್ಮ ಕಡತಕ್ಕೆ ಬೀಗ ಬೀಳುತ್ತೆ."

"ಬೀಗ ಅಂದ್ರೆ?"

"ಇನ್ಮೇಲೆ ಯಾವ ಬ್ಯಾಂಕೂ ಅದನ್ನ ತೆಗೆದು ನೋಡೋಕಾಗಲ್ಲ. ಆ ಕಳ್ಳ ಯಾವ ಊರಲ್ಲಿ ಅರ್ಜಿ ಹಾಕಿದ್ರೂ ಅದು ಬಾಗಿಲಲ್ಲೇ ನಿಂತುಬಿಡುತ್ತೆ. ನಿಮ್ಮ ವರದೀಲಿ ಮತ್ತೆ ಯಾವ ಊರ ಹೆಸರೂ ಕಾಣಲ್ಲ."

ಲೊರೀನ್ ತಲೆಯೆತ್ತಿ ಅವನನ್ನು ನೋಡಿದಳು. ಹಿಡಿದಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಯಾವ ಊರೂನಾ?"

"ಒಂದೂ ಇಲ್ಲ. ನಿಶ್ಚಿಂತೆಯಾಗಿ ನಿದ್ದೆ ಮಾಡಿ."

ಅವಳು ಕಾಗದಗಳನ್ನು ಮೆಲ್ಲಗೆ ಅವನ ಕಡೆಗೆ ತಳ್ಳಿದಳು. "ನನಗೆ ಖಾತೆ ಬೇಡ ಸರ್. ಇಲ್ಲ ಅನ್ನಿ. ಇಲ್ಲ ಅಂತ ಪತ್ರ ಕೊಡಿ."

ಎವರೆಟ್‌ಗೆ ಕಪಾಳಕ್ಕೆ ಹೊಡೆದಂತಾಯಿತು. "ಏನಮ್ಮಾ ಇದು? ನಿಮಗೋಸ್ಕರ ನಾನು ಕಂಡಕಂಡವರ ಕಾಲು ಹಿಡಿದಿದ್ದೀನಿ. ನಿಮ್ಮ ಅನ್ನಕ್ಕೇ ಕೈಹಾಕಿದ ಆ ಬಾಡಿಗೆಯವನ ಮೇಲೆ ಇಷ್ಟು ಕನಿಕರವಾ?"

"ಅವನಲ್ಲ ಸರ್."

ಅವಳು ಅಳುತ್ತಿದ್ದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳು ಅದನ್ನು ಲಕ್ಷಿಸಲಿಲ್ಲ.

"ಮರ್ಲೀ ಮನೆ ಬಿಟ್ಟು ಮೂರು ವರ್ಷ ಆಯ್ತು, ಒಂದು ಫೋನಿಲ್ಲ. ನನ್ನ ಮಗಳು ಎಲ್ಲೋ ಬದುಕಿದ್ದಾಳೆ ಅಂತ ನನಗೆ ಗೊತ್ತಾಗೋದು, ಅವಳು ನನ್ನ ಹೆಸರು ಹೇಳಿ ಖಾತೆ ಕೇಳಿದಾಗ ಮಾತ್ರ."