ಶಾಂಭವಿಯ ಕೈಗವಸು

ಸತ್ತ ವಾದಕರ ಕೈಗವಸುಗಳು ನುಡಿಸುವುದನ್ನು ಮರೆಯುವುದಿಲ್ಲ. ಮಗಳು ಶಾಂಭವಿಯ ಕೈಗವಸುಗಳಿಗೆ ವಿಭೂತಿ ಹಚ್ಚಿ ಅವಳ ರಾಕ್ ಬ್ಯಾಂಡಿಗೆ ಒಪ್ಪಿಸಿದ್ದೆ. ಗಿಟಾರು ಇನ್ನು ಮುಂದೆಯೂ ಅವಳೇ ನುಡಿಸುತ್ತಾಳೆಂದು ಗಾಯಕ ಬಸವಪ್ರಭು ನನ್ನ ಪಾದ ಮುಟ್ಟಿ ಮಾತು ಕೊಟ್ಟಿದ್ದ.

ಇಂದು ಹುಬ್ಬಳ್ಳಿಯ ವೇದಿಕೆಯ ಮೇಲೆ ಗಿಟಾರೇ ಇರಲಿಲ್ಲ. ರೆಕಾರ್ಡ್ ಮಾಡಿಟ್ಟ ಹಾಡು ಮೊಳಗುತ್ತಿತ್ತು. ಬಸವಪ್ರಭು ಕೈಗವಸುಗಳನ್ನು ಕೋಲಿಗೆ ಸಿಕ್ಕಿಸಿ, ಸುತ್ತ ಬೆಂಕಿ ಹಚ್ಚಿ ಕುಣಿಯುತ್ತಿದ್ದ. ಜನ ಕೇಕೆ ಹಾಕಿದರು.

ಕಾರ್ಯಕ್ರಮ ಮುಗಿದ ಮೇಲೆ ಕೇಳಿದೆ: "ಅಕಿನ ನುಡಸ್ತಾಳ ಅಂದಿದ್ದೆಲ್ಲಪಾ?"

"ಕಾಕಾ, ಮಂದಿ ಈಗ ನೋಡಾಕ ಬರ್ತಾರ್ರೀ, ಕೇಳಾಕ ಯಾರ್ ಬರ್ತಾರ? ಎಲ್ಲಾರ್ಕಿಂತ ಜಾಸ್ತಿ ಚಪ್ಪಾಳಿ ನಿಮ್ಮ ಮಗಳಿಗೇ ಬಿತ್ತು, ನೋಡ್ರಿ."

ಕೋಲಿನಿಂದ ಕೈಗವಸುಗಳನ್ನು ಬಿಡಿಸಿಕೊಂಡೆ. ಬೆರಳ ತುದಿಗಳು ಕರಕಲಾಗಿದ್ದವು. ತಂತಿಯೇ ಇಲ್ಲದೆ ಅವು ಇನ್ನೂ ನುಡಿಸುತ್ತಲೇ ಇದ್ದವು.

"ಸಾಕು ಬಿಡವ್ವಾ," ಎಂದೆ. "ಯಾರೂ ಕೇಳವಲ್ರು."