ಬಾಲದ ಮೇಲಿನ ಗಿಳಿ

ಅದು ರಜೆಯ ಪ್ರವಾಸಿಗರ ವಿಮಾನ ಕಂಪನಿ. ವಿಮಾನಗಳೆಲ್ಲ ಬೇರೆಯವರು ಹಾರಿಸಿ ಬಿಟ್ಟ ಹಳೆಯವು. ಹೊಸದೆಂದರೆ ಬಾಲದ ಮೇಲೆ ಮೋನಪ್ಪ ಬರೆದ ಹಸಿರು ಗಿಳಿ ಮಾತ್ರ. ವಿಮಾನ ಬಿದ್ದರೆ, ಟಿವಿಯವರು ಬರುವ ಮೊದಲೇ ಆ ಗಿಳಿಗೆ ಬಿಳಿ ಬಣ್ಣ ಬಳಿದು ಕಂಪನಿಯ ಗುರುತು ಅಳಿಸುವ ಕೆಲಸವೂ ಅವನದೇ.

ಅದೇ ಕಂಪನಿಯ ವಿಮಾನದಲ್ಲಿ ಮಧುಚಂದ್ರಕ್ಕೆ ಹೊರಟ ಮಗಳನ್ನೂ ಅಳಿಯನನ್ನೂ ವಿಮಾನ ನಿಲ್ದಾಣದ ಒಳಗೆ ಕಳಿಸಿ ಮೋನಪ್ಪ ಇನ್ನೂ ಬಾಗಿಲಲ್ಲೇ ನಿಂತಿದ್ದ. ಮ್ಯಾನೇಜರರ ಫೋನ್ ಬಂತು.

"ಮೋನಪ್ಪ, ಬಿಳಿ ಬಣ್ಣ, ಏಣಿ ಎಲ್ಲ ಜೀಪಿಗೆ ಹಾಕಿ ರೆಡಿ ಇರು."

ಸದ್ಯ, ಮಗಳ ವಿಮಾನ ಇನ್ನೂ ಹೊರಟಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಕೇಳಿದ:

"ಎಲ್ಲಿ ಬಿತ್ತು ಸಾರ್?"

"ಬಿದ್ದಿಲ್ಲ ಮಾರಾಯ, ಜನ ಇನ್ನೂ ಹತ್ತುತ್ತಾ ಇದ್ದಾರೆ."