ಗೌರೀಶ ಸಾಹೇಬರ ಮನೆಯ ಕಂಪ್ಯೂಟರು

ಹಾರ್ಡ್ ಡಿಸ್ಕ್ ಕಿರುಗುಟ್ಟಿತು, ತಡವರಿಸಿತು, ಕೊನೆಗೂ ತಿರುಗತೊಡಗಿತು. ಮಹಾಲಿಂಗ ಸ್ಕ್ರೂಡ್ರೈವರ್ ಕೆಳಗಿಟ್ಟು ಪರದೆಯತ್ತ ಬಾಗಿದ. ಮೂಲೆಯ ಗಡಿಯಾರ ನಿಮಿಷವೂ ತಪ್ಪದೆ ಸರಿಯಾದ ಸಮಯ ತೋರಿಸುತ್ತಿತ್ತು. ಇಷ್ಟು ಹಳೆಯ ಯಂತ್ರಗಳಲ್ಲಿ ಒಳಗಿನ ಬ್ಯಾಟರಿ ಎಂದೋ ಸತ್ತು, ತಾರೀಖು ಎಲ್ಲೋ ಹಿಂದೆ ಹೋಗಿ ಕೂತಿರುತ್ತದೆ. ಇದರದ್ದು ಗಟ್ಟಿ ಇದೆ ಅಂದುಕೊಂಡ, ಅಷ್ಟೇ. ಅವನ ಕಣ್ಣು ಬೇರೆ ಏನನ್ನೋ ಹುಡುಕುತ್ತಿತ್ತು.

ವಾರವೆಲ್ಲ ಬನಹಟ್ಟಿಯ ಮಗ್ಗದ ಕಾರ್ಖಾನೆಯಲ್ಲಿ ಮಶೀನು ರಿಪೇರಿ, ರವಿವಾರ ಮಾತ್ರ ಕಂಪ್ಯೂಟರು. ಅದು ಅವನ ಹುಚ್ಚು. ಜನ ಬೇಡವೆಂದು ಕೊಟ್ಟ ಹಳೆಯ ಡಬ್ಬಿಗಳ ಧೂಳು ಕೊಡವಿ, ಸುಟ್ಟದ್ದನ್ನು ಕಿತ್ತು ಬೆಸೆದು, ಸುತ್ತಲಿನ ಸರಕಾರಿ ಶಾಲೆಗಳಿಗೆ ಕೊಟ್ಟುಬಿಡುತ್ತಿದ್ದ. ಸಾವಳಗಿಗೆ ಆರು, ಅನಗವಾಡಿಗೆ ಮೂರು ಹೋಗಿದ್ದವು.

ಈ ಹುಚ್ಚು ಹತ್ತಿದ್ದು ಜಮಖಂಡಿಯ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರನಾಗಿದ್ದಾಗ. ಹತ್ತೊಂಬತ್ತು ವರ್ಷಗಳ ಹಿಂದೆ, ಪರೀಕ್ಷೆಯ ಹಿಂದಿನ ದಿನ, ಅಲ್ಲಿ ಪ್ರಶ್ನೆಪತ್ರಿಕೆ ಬಯಲಾಯಿತು. ಪ್ರಿನ್ಸಿಪಾಲ ಗೌರೀಶ ಮಹಾಲಿಂಗನತ್ತ ಬೆರಳು ಮಾಡಿದ. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಕೆಲಸ ಹೋಯಿತು. ಮಗನನ್ನು ಕಳ್ಳ ಎಂದದ್ದನ್ನು ಸಂತೆಯಲ್ಲಿ ಕಿವಿಯಾರೆ ಕೇಳಿದ ಅವ್ವ ಸಾತವ್ವ ಮತ್ತೆ ಹೊಸ್ತಿಲು ದಾಟಲಿಲ್ಲ. ಆ ಚಿಂತೆಯಲ್ಲೇ ಸತ್ತಳು.

ಈಗ ಅದೇ ಗೌರೀಶನ ಮನೆಯ ಕಂಪ್ಯೂಟರು ಅವನ ಮೇಜಿನ ಮೇಲಿತ್ತು. ತಂದುಕೊಟ್ಟವಳು ಗೌರೀಶನ ಹೆಂಡತಿ ವೈಶಾಲಿ. ಒಂದು ಕಾಲಕ್ಕೆ ಮುಧೋಳದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ, ಮೆಲುದನಿಯ ಹೆಂಗಸು.

"ಅಟ್ಟದ ಮ್ಯಾಲೆ ಬಿದ್ದಿತ್ತರಿ. ಒಳಗ ಏನೈತೋ ಏನಿಲ್ಲೋ, ನೀವ ನೋಡ್ರಿ," ಎಂದಿದ್ದಳು.

"ಸಾಹೇಬ್ರಿಗೆ ಗೊತ್ತೈತೇನ್ರಿ?"

"ಅವರಿಗೆ ಯಾಕ್ರಿ ಹೇಳೂದು? ಸಾಲಿ ಮಕ್ಕಳಿಗೆ ಉಪಯೋಗ ಆದ್ರ ಸಾಕು."

ಮಹಾಲಿಂಗ ಒಂದೊಂದೇ ಫೈಲು ತೆರೆಯುತ್ತ ಹೋದ. ಮದುವೆ ಫೋಟೊ, ಹಳೆಯ ವೇಳಾಪಟ್ಟಿ. ಆಮೇಲೆ ಒಂದು ಪತ್ರ. ಅದರ ತಾರೀಖು ಪತ್ರಿಕೆ ಬಯಲಾದ ದಿನದ್ದೇ.

'ಪೇಪರು ಕಳಿಸಿದ್ದೇನೆ. ಗದ್ದಲವಾದರೆ ಅಟೆಂಡರ ಮಹಾಲಿಂಗನ ಹೆಸರು ಹೇಳುತ್ತೇನೆ. ಬಾಯಿಲ್ಲದ ಪ್ರಾಣಿ. ಇಂತಿ, ಗೌರೀಶ.'

ಮೂರು ಸಲ ಓದಿದ. ಬಾಯಿಲ್ಲದ ಪ್ರಾಣಿ. ಬೆಸುಗೆಯ ಕಡ್ಡಿ ಬೆರಳು ಸುಟ್ಟದ್ದು ಕೂಡ ಅವನಿಗೆ ತಿಳಿಯಲಿಲ್ಲ.

ಒಳಗಿನಿಂದ ಹೆಂಡತಿ ಲಗಮವ್ವ ಮೊಬೈಲು ಹಿಡಿದು ಬಂದಳು. "ಗೌರೀಶ ಸರ್ ಮತ್ತ ಫೋನ್ ಮಾಡ್ಯಾರ್ರಿ. ಇದು ಮೂರನೇದು. ಏನೋ ಮಾತಾಡೂದೈತಂತ."

"ಮಾತಾಡೂಣು. ಮಂದಿ ಮುಂದ ಮಾತಾಡೂಣು."

"ಒಮ್ಮೆರ ಅವರ ಮಾತ ಕೇಳ್ರಿ."

"ನಮ್ಮವ್ವನ ಮಾತ ಯಾರರ ಕೇಳಿದ್ರೇನ?"

ಲಗಮವ್ವ ಮೊಬೈಲನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮುಂದಿನ ರವಿವಾರ ಕಾಲೇಜಿನ ಸುವರ್ಣ ಮಹೋತ್ಸವ. ನಿವೃತ್ತ ಪ್ರಿನ್ಸಿಪಾಲ ಗೌರೀಶನಿಗೆ ಸನ್ಮಾನ. ಶಾಲೆಗಳಿಗೆ ಕಂಪ್ಯೂಟರು ಕೊಡುವ ಮಹಾಲಿಂಗನಿಗೂ ಒಂದು ಶಾಲು ಎಂದು ಆಮಂತ್ರಣ ಪತ್ರಿಕೆಯಲ್ಲಿತ್ತು. ಅವನ ಹೆಸರು ಸೇರಿಸಲೇಬೇಕೆಂದು ಹಟ ಹಿಡಿದದ್ದು ಗೌರೀಶನೇ ಎಂದು ಆಮಂತ್ರಣ ತಂದ ಕಾಲೇಜಿನ ಸಿಪಾಯಿ ಶಿವಾಜಿ ಹೇಳಿದ. ಶಾಲು ಹೊದಿಸಿ ಬಾಯಿ ಮುಚ್ಚಿಸುವ ಹಂಚಿಕೆ, ಎಂದು ಮಹಾಲಿಂಗ ಹಲ್ಲು ಕಚ್ಚಿದ.

ಅವನು ಆ ಕಂಪ್ಯೂಟರನ್ನೇ ಟಂಟಂ ಆಟೊದಲ್ಲಿ ಹೇರಿಕೊಂಡು ಹೋದ. ವೇದಿಕೆಯ ಮೇಲಿಟ್ಟು, ತಾನೇ ಪ್ರೊಜೆಕ್ಟರಿಗೆ ಜೋಡಿಸಿದ. ರಿಪೇರಿಯ ಚಮತ್ಕಾರ ತೋರಿಸುತ್ತಾನೆಂದು ಜನ ಚಪ್ಪಾಳೆ ತಟ್ಟಿದರು. ಗೋಡೆಯಷ್ಟಗಲದ ಪರದೆಯ ಮೇಲೆ ಪತ್ರ ಮೂಡಿತು. ಚಪ್ಪಾಳೆ ನಿಂತಿತು. ಮಹಾಲಿಂಗ ಮೈಕು ಹಿಡಿದು ಪ್ರತಿ ಅಕ್ಷರ ಓದಿದ. ಧ್ವನಿ ಒಮ್ಮೆಯೂ ನಡುಗಲಿಲ್ಲ.

"ಬಾಯಿಲ್ಲದ ಪ್ರಾಣಿ ಇವತ್ತ ಮಾತಾಡೇತ್ರಿ, ಸಾಹೇಬ್ರ. ನೀವ ಏನರ ಹೇಳ್ರಿ."

ಗೌರೀಶ ಎದ್ದು ನಿಂತ. ಒಂದು ಕೈ ಜುಬ್ಬಾದ ಕಿಸೆಯಿಂದ ಏನನ್ನೋ ತೆಗೆಯುತ್ತಿತ್ತು. ಆದರೆ ಅವನು ಪರದೆಯನ್ನು ನೋಡಲಿಲ್ಲ, ಮಹಾಲಿಂಗನನ್ನೂ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯನ್ನೇ ದಿಟ್ಟಿಸಿದ. ವೈಶಾಲಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ನನಗ ಇವತ್ತಿಗೂ ಟೈಪ್ ಮಾಡಾಕ ಬರೂದಿಲ್ಲೋ, ಮಹಾಲಿಂಗ," ಎಂದ ಗೌರೀಶ, ತೀರ ಸಣ್ಣ ದನಿಯಲ್ಲಿ.

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ನಗು ಬೈಗುಳವಾಯಿತು. ಒಂದು ಚಪ್ಪಲಿ ಹಾರಿ ಬಂತು. ಹಳೆಯ ವಿದ್ಯಾರ್ಥಿಗಳೇ ವೇದಿಕೆ ಹತ್ತಿ ಅವನ ಕೊರಳಪಟ್ಟಿಗೆ ಕೈ ಹಾಕಿದರು. ಸಂಘಟಕರು ಮುದುಕನನ್ನು ಹಿಂಬಾಗಿಲಿನಿಂದ ದಬ್ಬಿಕೊಂಡು ಹೋದರು. ಸನ್ಮಾನದ ಶಾಲು ಕಾಲ್ತುಳಿತಕ್ಕೆ ಸಿಕ್ಕಿತು.

ಮಹಾಲಿಂಗ ಎದೆ ತುಂಬ ಉಸಿರೆಳೆದುಕೊಂಡ. ಹತ್ತೊಂಬತ್ತು ವರ್ಷದ ಮೇಲೆ ಎದೆ ಹಗುರಾಗಿತ್ತು. ಅವ್ವ ಇರಬೇಕಿತ್ತು ಅನ್ನಿಸಿತು.

ಸಭಾಂಗಣ ಖಾಲಿಯಾಯಿತು. ವಾಯರು ಸುತ್ತುತ್ತಿದ್ದವನಿಗೆ ಗೌರೀಶ ಕೂತಿದ್ದ ಕುರ್ಚಿಯ ಬುಡದಲ್ಲಿ ಒಂದು ಕಾಗದ ಕಂಡಿತು. ನೂಕಾಟದಲ್ಲಿ ಕೈಯಿಂದ ಜಾರಿದ್ದು. ದುಂಡನೆಯ ಕೈಬರಹ, ಮೇಲೆ 'ನನ್ನ ಭಾಷಣ' ಎಂದಿತ್ತು. ಏನು ಬಡಾಯಿ ಕೊಚ್ಚುವವನಿದ್ದನೋ ನೋಡೋಣವೆಂದು ನಗುತ್ತಲೇ ಮಡಿಕೆ ಬಿಡಿಸಿದ.

'ಈ ಸನ್ಮಾನಕ್ಕೆ ನಾನು ಅರ್ಹನಲ್ಲ. ಅಂದು ತನ್ನ ತಮ್ಮನಿಗಾಗಿ ನಮ್ಮ ಮನೆಯಿಂದ ಪ್ರಶ್ನೆಪತ್ರಿಕೆ ಕದ್ದು ಕೊಟ್ಟವಳು ನನ್ನ ಹೆಂಡತಿ. ಹೋದ ತಿಂಗಳು ಅದು ನನಗೆ ಗೊತ್ತಾಯಿತು. ಬೇಡವೆಂದು ಅವಳು ಎಷ್ಟು ಅತ್ತರೂ ಕೇಳದೆ, ನಿಮ್ಮೆಲ್ಲರ ಎದುರು ಮಹಾಲಿಂಗನ ಕಾಲು ಹಿಡಿಯಲೆಂದೇ ಅವನನ್ನು ಇಲ್ಲಿಗೆ ಕರೆಸಿದ್ದೇನೆ.'

ಮಹಾಲಿಂಗ ಕಂಪ್ಯೂಟರಿನತ್ತ ತಿರುಗಿದ: ಅಟ್ಟದ ಮೇಲೆ ಬಿದ್ದಿದ್ದ ಅದರ ಗಡಿಯಾರ ನಿಮಿಷವೂ ತಪ್ಪಿರಲಿಲ್ಲವೆಂದರೆ, ಟೈಪಿಂಗ್ ಬಲ್ಲ ಕೈಯೊಂದು ಮೊನ್ನೆಮೊನ್ನೆ ಅದನ್ನು ತೆರೆದಿತ್ತು.